ದೀಪ ಹಚ್ಚುವ ಹೊತ್ತು: ಇಬ್ಬರೂ ದುಡಿಯುವ ಮನೆಯಲ್ಲಿ ದಿನದ ಪೂಜೆ ನಡೆಸಿಕೊಂಡು ಹೋಗುವ ಬಗೆ

ಅತ್ತೆ ಇರುವವರೆಗೆ ನಮ್ಮ ಮನೆಯ ದೇವರ ಗೂಡು ಅವರದೇ ಆಗಿತ್ತು. ನಾವು ಏಳುವ ಹೊತ್ತಿಗೆ ಹೂ ಏರಿರುತ್ತಿತ್ತು, ದೀಪ ಉರಿಯುತ್ತಿರುತ್ತಿತ್ತು. ಒಂದು ನಮಸ್ಕಾರ ಹಾಕಿ ನಾವು ಬಸ್ಸು ಹಿಡಿಯುತ್ತಿದ್ದೆವು. ಅವರು ಹೋದರು. ವರ್ಷಾಂತಿಕ ಮುಗಿದ ಮಾರನೇ ಬೆಳಗ್ಗೆ ನಾನು ಆ ಗೂಡಿನ ಮುಂದೆ ನಿಂತೆ. ಒಳಗೆ ಅರಿಶಿನ ಬಟ್ಟೆಯ ಒಂದು ಗಂಟು ಇತ್ತು. ಮುಟ್ಟಿದರೆ ನಾಣ್ಯ ಅಂತ ಗೊತ್ತಾಯಿತು. ಯಾವ ದೇವರ ಮುಡುಪು, ಯಾಕೆ ಕಟ್ಟಿದ್ದು, ಮನೆಯಲ್ಲಿ ಯಾರಿಗೂ ತಿಳಿಯದು. ಎಣ್ಣೆ ಎಲ್ಲಿಂದ ತರುತ್ತಿದ್ದರು ಎಂಬುದೂ ನನಗೆ ಗೊತ್ತಿರಲಿಲ್ಲ.

ನನ್ನ ಹಾಗೆ ದೇವರ ಮನೆ ಏಕಾಏಕಿ ಕೈಗೆ ಬಂದವರಿಗೆ, ಹೊಸದಾಗಿ ಮನೆ ಹೂಡಿದವರಿಗೆ, ಬೆಳಗ್ಗೆ ಹತ್ತೇ ನಿಮಿಷ ಸಿಗುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮಂತ್ರ, ಶಾಸ್ತ್ರ ಹೇಳುವಷ್ಟು ನಾನು ಕಲಿತಿಲ್ಲ. ಆರು ವರ್ಷ ಮಾಡಿ, ತಪ್ಪಿ, ಮತ್ತೆ ಮಾಡಿ ಗೊತ್ತಾದದ್ದು ಇದು. ದಿನಾ ಆಗುವಷ್ಟನ್ನೇ ಹಿಡಿಯಬೇಕು, ಆ ಕೆಲಸ ಮನೆಯ ಒಬ್ಬಳ ತಲೆಯ ಮೇಲೇ ಬೀಳಬಾರದು.

ಮೊದಲ ಹೆಜ್ಜೆ: ಒಂದು ನೋಟ್‌ಬುಕ್ಕು, ನಾಲ್ಕು ಫೋನು

ಏನನ್ನೂ ಕೊಳ್ಳುವ ಮೊದಲು ಹಿರಿಯರನ್ನು ಕೇಳಿ. ತಡ ಮಾಡಬೇಡಿ. ಈ ವಿಷಯಗಳು ಎಲ್ಲೂ ಬರೆದಿಟ್ಟಿರುವುದಿಲ್ಲ, ಅವರ ಜೊತೆಗೇ ಹೋಗಿಬಿಡುತ್ತವೆ.

ಮನೆದೇವರು ಯಾರು, ಅಂತ ಮೊದಲು ಕೇಳಿ. ಬಾದಾಮಿಯ ಬನಶಂಕರಿಯೋ, ಸವದತ್ತಿ ಯಲ್ಲಮ್ಮನೋ, ಮೈಲಾರಲಿಂಗನೋ, ಮಾದಪ್ಪನೋ, ತಿಮ್ಮಪ್ಪನೋ. ಕೆಲವು ಮನೆಗಳಲ್ಲಿ ಗಂಡು ದೇವರು ಬೇರೆ, ಹೆಣ್ಣು ದೇವರು ಬೇರೆ. ಎಷ್ಟು ವರ್ಷಕ್ಕೊಮ್ಮೆ ಹೋಗುವ ರೂಢಿ? ಹೋದಾಗ ಏನು ಒಪ್ಪಿಸುತ್ತಾರೆ? ತೀರಿಸದೆ ಉಳಿದ ಹರಕೆ ಇದೆಯಾ?

ಆಮೇಲೆ ಹಬ್ಬಗಳು. ಇಲ್ಲಿ ಒಂದು ಮಾತು ಬಹಳ ಮುಖ್ಯ. ಎಲ್ಲ ಹಬ್ಬವೂ ಎಲ್ಲರ ಮನೆಯಲ್ಲಿ ಇರುವುದಿಲ್ಲ. ವರಮಹಾಲಕ್ಷ್ಮಿಗೆ ಕಲಶ ಇಡುವ ಪದ್ಧತಿ ಕೆಲವರಿಗಿದೆ, ಕೆಲವರಿಗಿಲ್ಲ. ಗೌರಿಯೂ ಹಾಗೇ. ಪಕ್ಕದ ಮನೆಯಲ್ಲಿ ನೋಡಿ, ಮೊಬೈಲಿನಲ್ಲಿ ನೋಡಿ ನಾವೂ ಮಾಡಲೇಬೇಕು ಅಂದುಕೊಂಡರೆ ಕೆಲಸ ಬೆಳೆಯುತ್ತಲೇ ಹೋಗುತ್ತದೆ. "ನಮ್ಮಲ್ಲಿ ಇದು ನಡೆದು ಬಂದಿದೆಯಾ?" ಅಂತ ಹಿರಿಯರನ್ನು ಕೇಳಿದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ. ಇಷ್ಟವಿದ್ದರೆ ಹೊಸದನ್ನು ಶುರು ಮಾಡಬಹುದು. ಆದರೆ ಹೆದರಿಕೆಯಿಂದ ಶುರು ಮಾಡುವುದು ಬೇಡ.

ಗಂಡ ಹೆಂಡತಿ ಬೇರೆ ಬೇರೆ ಸೀಮೆಯವರಾದರೆ ಎರಡೂ ಕಡೆ ಕೇಳಿ. ನಾಗರಪಂಚಮಿಯನ್ನೇ ನೋಡಿ. ಧಾರವಾಡ, ವಿಜಯಪುರದ ಕಡೆ ಅದು ಉಂಡಿ, ಜೋಕಾಲಿ, ತವರಿಗೆ ಬರುವ ಹೆಣ್ಣುಮಕ್ಕಳ ದೊಡ್ಡ ಹಬ್ಬ. ಮೈಸೂರಿನ ಕಡೆ ಹುತ್ತಕ್ಕೆ ತನಿ ಎರೆದು ಬಂದರೆ ಹಬ್ಬ ಮುಗಿಯಿತು. ಬಡಗಣ ಸೀಮೆಯ ಎಳ್ಳಮಾಸೆಗೆ ಹೊಲದಲ್ಲಿ ಚರಗ ಚೆಲ್ಲುವುದು, ಮಲೆನಾಡಿನ ಭೂಮಿ ಹುಣ್ಣಿಮೆ, ಕರಾವಳಿಯ ತೆನೆ ಹಬ್ಬ, ಹಳೇ ಮೈಸೂರಿನ ಮೊರದ ಬಾಗಿನ, ಇವೆಲ್ಲ ಒಂದೇ ಫ್ಲಾಟಿನಲ್ಲಿ ಸೇರಿದಾಗ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ಇಬ್ಬರೂ ಕೂತು ಮಾತಾಡಬೇಕು. ಗಂಡನ ಮನೆಯದು ಮಾತ್ರ ಪದ್ಧತಿ, ಹೆಂಡತಿಯ ತವರಿನದು ಬರೀ ನೆನಪು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಎರಡೂ ನಡೆಯುತ್ತದೆ.

ಕೊನೆಗೆ ಅಳತೆಗಳನ್ನು ಬರೆದುಕೊಳ್ಳಿ. ಹೂರಣಕ್ಕೆ ಪಾವು ಬೇಳೆಗೆ ಎಷ್ಟು ಬೆಲ್ಲ, ಹುಗ್ಗಿಗೆ ಎಷ್ಟು ನೀರು. "ಕಣ್ಣಳತೆ ಹಾಕ್ಕೋ" ಅಂದರೆ ಬಿಡಬೇಡಿ. ಅವರು ಮಾಡುವಾಗ ಪಕ್ಕದಲ್ಲಿ ನಿಂತು ಲೋಟದಲ್ಲಿ ಅಳೆಯಿರಿ.

ನಮ್ಮ ಗಂಟಿನ ಗುಟ್ಟು ಮೂರನೇ ಫೋನಿನಲ್ಲಿ ತಿಳಿಯಿತು. ಅದು ಬಿಳಿಗಿರಿರಂಗನಿಗೆ ಕಟ್ಟಿದ ಮುಡುಪು. ನನಗೆ ಮಗಳು ಹುಟ್ಟುವ ಮುಂಚೆ, ಹೆರಿಗೆ ಸುಸೂತ್ರ ಆಗಲಿ ಅಂತ ಅತ್ತೆ ಕಟ್ಟಿದ್ದರಂತೆ. ನನಗೆ ಹೇಳಿಯೇ ಇರಲಿಲ್ಲ. ಮಗಳನ್ನೇ ಕರೆದುಕೊಂಡು ಬೆಟ್ಟಕ್ಕೆ ಹೋಗಿ, ಅವಳ ಕೈಯಿಂದಲೇ ಹುಂಡಿಗೆ ಹಾಕಿಸಿದೆವು.

ಎರಡನೇ ಹೆಜ್ಜೆ: ಜಾಗ

ದೇವರ ಕೋಣೆ ಇಲ್ಲ ಅಂತ ಕೊರಗಬೇಡಿ. ಅಡುಗೆಮನೆಯ ಒಂದು ಗೂಡು, ಗೋಡೆಗೆ ಹೊಡೆದ ಒಂದು ಹಲಗೆ ಸಾಕು. ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಕೂರುವ ಹಾಗಿದ್ದರೆ ಒಳ್ಳೆಯದು ಅನ್ನುತ್ತಾರೆ. ಬಾಡಿಗೆ ಮನೆಯಲ್ಲಿ ಅದು ಕೂಡಿಬರದಿದ್ದರೆ ಅದಕ್ಕೇ ಜಗಳ ಬೇಡ. ನಾನು ನೋಡುವುದು ಬೇರೆ ಮೂರು ವಿಷಯ. ಪರದೆ ಹತ್ತಿರ ಇರಬಾರದು. ಗ್ಯಾಸಿನ ಸಿಲಿಂಡರು, ಒಲೆ ಪಕ್ಕದಲ್ಲೇ ಇರಬಾರದು. ದೀಪದ ಮೇಲೆ ಒಂದೂವರೆ ಎರಡು ಅಡಿಯಾದರೂ ಖಾಲಿ ಇರಬೇಕು, ಮರದ ಗೂಡಾದರೆ ಇನ್ನೂ ಜಾಸ್ತಿ.

ಫೋಟೋ ಕಡಿಮೆ ಮಾಡಿ. ಹೋದ ಕಡೆಯೆಲ್ಲ ತಂದ ಪಟ, ಮದುವೆಗೆ ಬಂದ ಪಟ, ಅಂಗಡಿಯ ಕ್ಯಾಲೆಂಡರಿನ ಪಟ ಎಲ್ಲ ಸೇರಿ ನಮ್ಮ ಗೂಡಿನಲ್ಲಿ 23 ಇದ್ದವು. ಒರೆಸುವುದಕ್ಕೇ ಒಂದು ಗಂಟೆ ಬೇಕಿತ್ತು. ಈಗ ಮನೆದೇವರು, ಒಂದು ಗಣಪತಿ, ಒಂದು ಲಕ್ಷ್ಮಿ, ಅತ್ತೆಯ ಕಾಲದ ಪುಟ್ಟ ಕೃಷ್ಣ ಮಾತ್ರ. ತೆಗೆದ ಪಟಗಳನ್ನು ಏನು ಮಾಡುವುದು ಅಂತ ಕೊನೆಯಲ್ಲಿ ಹೇಳುತ್ತೇನೆ.

ಮೂರನೇ ಹೆಜ್ಜೆ: ದೀಪ

ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಬೇರೆಲ್ಲ ತಪ್ಪಿದರೂ ದೀಪ ಒಂದು ತಪ್ಪದಿದ್ದರೆ ನನಗೆ ಪೂಜೆ ನಡೆದ ಹಾಗೇ.

ಎಣ್ಣೆ: ಎಳ್ಳೆಣ್ಣೆ, ತೆಂಗಿನೆಣ್ಣೆ, ಹರಳೆಣ್ಣೆ, ತುಪ್ಪ, ನಿಮ್ಮ ಸೀಮೆಯಲ್ಲಿ ಯಾವುದು ರೂಢಿಯೋ ಅದು. "ದೀಪದ ಎಣ್ಣೆ" ಅಂತ ಬಾಟಲಿಯಲ್ಲಿ ಬರುವುದು ಬೆರಕೆ ಎಣ್ಣೆ, ತಿನ್ನಲು ಅಲ್ಲ ಅಂತ ಮೇಲೇ ಬರೆದಿರುತ್ತದೆ. ಅದನ್ನು ಅಡುಗೆ ಎಣ್ಣೆಯ ಪಕ್ಕ ಇಡಬೇಡಿ. ಚಳಿಗಾಲದಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದೆ. ಹಚ್ಚುವ ಮುಂಚೆ ಬಟ್ಟಲನ್ನು ಬಿಸಿನೀರಿನಲ್ಲಿ ಎರಡು ನಿಮಿಷ ಇಟ್ಟರೆ ಕರಗುತ್ತದೆ.

ಬತ್ತಿ: ಎಣ್ಣೆಗೆ ಉದ್ದ ಬತ್ತಿ, ತುಪ್ಪಕ್ಕೆ ಹೂಬತ್ತಿ ಅನುಕೂಲ. ಸಾಮಾನ್ಯವಾಗಿ ಎರಡು ಎಳೆ ಸೇರಿಸಿ ಹಾಕುತ್ತಾರೆ. ಬತ್ತಿಯ ತುದಿ ಹೊರಗೆ ಜಾಸ್ತಿ ಚಾಚಿದ್ದರೆ ಹೊಗೆ ಬರುತ್ತದೆ, ಗೋಡೆ ಕಪ್ಪಾಗುತ್ತದೆ. ಒಂದು ಕಾಳಿನಷ್ಟು ಚಾಚಿದರೆ ಸಾಕು.

ಅಳತೆ: ಒಂದು ಭಾನುವಾರ ಮನೆಯಲ್ಲೇ ಇದ್ದು, ಎರಡು ಚಮಚ ಎಣ್ಣೆ ಹಾಕಿ, ದೀಪ ಎಷ್ಟು ಹೊತ್ತು ಉರಿಯಿತು ಅಂತ ಗಡಿಯಾರ ನೋಡಿ. ಪ್ರತಿ ದೀಪದ ಲೆಕ್ಕ ಬೇರೆ. ಆಮೇಲೆ ನೀವು ಮನೆಯಲ್ಲಿರುವಷ್ಟು ಹೊತ್ತಿಗೆ ಮಾತ್ರ ಎಣ್ಣೆ ಹಾಕಿ. ಉರಿಯುವ ದೀಪ ಬಿಟ್ಟು ಬೀಗ ಹಾಕಬೇಡಿ. ಇದನ್ನು ನಾನು ಕಲಿತದ್ದು ಕಷ್ಟಪಟ್ಟೇ. ಒಂದು ಶ್ರಾವಣ ಶನಿವಾರ ಅವಸರದಲ್ಲಿ ಹೊರಟಿದ್ದೆ. ಮರೆತ ಛತ್ರಿಗೆ ಅಂತ ತಿರುಗಿ ಬಂದಾಗ ಹೂವಿನ ಒಣಗಿದ ಎಸಳು ಹೊತ್ತಿಕೊಂಡು, ಹಲಗೆಯ ಅಂಚು ಕಪ್ಪಾಗಿತ್ತು. ಆ ಛತ್ರಿ ಮರೆಯದಿದ್ದರೆ ಏನಾಗುತ್ತಿತ್ತೋ. ಈಗ ದೀಪದ ಕೆಳಗೆ ಅಗಲವಾದ ಹಿತ್ತಾಳೆ ತಟ್ಟೆ ಇದೆ, ಹೂ ಒಂದು ಗೇಣು ದೂರ.

ಹೊರಡುವ ಮೊದಲು ದೀಪ ಶಾಂತ ಮಾಡಿದರೆ ತಪ್ಪಿಲ್ಲ. ಬಾಯಿಂದ ಊದುವುದಿಲ್ಲ. ಬತ್ತಿಯನ್ನು ಹಿಂದಕ್ಕೆ, ಎಣ್ಣೆಯ ಒಳಕ್ಕೆ ಕಡ್ಡಿಯಿಂದ ಎಳೆದರೆ ತಾನೇ ನಿಲ್ಲುತ್ತದೆ. "ಆರಿಸು" ಅನ್ನದೆ "ಶಾಂತ ಮಾಡು" ಅನ್ನುವುದು ಹಿರಿಯರ ರೂಢಿ. ಹೊರಡುವಾಗ "ಹೋಗ್ತೀನಿ" ಅನ್ನದೆ "ಹೋಗಿ ಬರ್ತೀನಿ" ಅನ್ನುತ್ತೇವಲ್ಲ, ಹಾಗೆ. ಮಕ್ಕಳಿಗೆ ಈ ಮಾತುಗಳನ್ನು ಕಲಿಸಿ. ನನಗೆ ಇವು ಪೂಜೆಯಷ್ಟೇ ಪ್ರಿಯ.

ಸಂಜೆಯ ದೀಪಕ್ಕೆ ಗಡಿಯಾರದ ಹೊತ್ತು ಬೇಡ, ಆಕಾಶ ನೋಡಿ. ಬೆಂಗಳೂರಿನಲ್ಲಿ ನವೆಂಬರ್‌ನಲ್ಲಿ 6 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ, ಜುಲೈನಲ್ಲಿ 6.45 ದಾಟುತ್ತದೆ. ಕಚೇರಿಯಿಂದ ಬರುವುದು ಎಂಟಾದರೆ? ಬಂದು, ಕೈಕಾಲು ತೊಳೆದು, ಆಗಲೇ ಹಚ್ಚಿ. ನಮ್ಮಲ್ಲಿ ಶಾಲೆಯಿಂದ ಬಂದ ಮಗಳು, ಅಜ್ಜ ಇಬ್ಬರೂ ಸೇರಿ ಹಚ್ಚುತ್ತಾರೆ. ಅದೇ ಹೊತ್ತಿಗೆ ನಮ್ಮ ಮಹಡಿಯ ಎದುರು ಮನೆಯವರು ಮಗ್ರಿಬ್ ನಮಾಜಿಗೆ ಚಾಪೆ ಹಾಸುತ್ತಾರೆ. ಮೇಲಿನ ಮನೆಯ ಮಂಗಳೂರಿನ ಕ್ರೈಸ್ತರು ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುತ್ತಾರೆ. ಆ ಕಾಲು ಗಂಟೆ ಇಡೀ ಕಟ್ಟಡವೇ ಮೆತ್ತಗಾಗುತ್ತದೆ. ನಾವು ಟಿವಿ ನಿಲ್ಲಿಸುತ್ತೇವೆ.

ಹೊರದೇಶದಲ್ಲಿ ಇರುವವರು ಮೊದಲು ಬಾಡಿಗೆ ಕರಾರು ಓದಿ. ಹಲವು ಕಡೆ, ಅದರಲ್ಲೂ ಹಾಸ್ಟೆಲುಗಳಲ್ಲಿ, ಬೆಂಕಿ ಹಚ್ಚುವಂತಿಲ್ಲ. ಹೊಗೆ ಗುರುತಿಸುವ ಅಲಾರಂ ಕೂಗಿಕೊಳ್ಳುತ್ತದೆ. ಅಲ್ಲಿ ಬ್ಯಾಟರಿಯ ದೀಪ ಇಟ್ಟುಕೊಳ್ಳಿ, ಮನಸ್ಸಿಗೆ ಅಳುಕು ಬೇಡ. ಇನ್ನೊಂದು ವಿಷಯ: ತಿಥಿ ಆಯಾ ಊರಿನ ಸೂರ್ಯೋದಯಕ್ಕೆ ಲೆಕ್ಕ. ಇಲ್ಲಿಯ ಕ್ಯಾಲೆಂಡರಿನ ಹಬ್ಬ ಅಮೆರಿಕದಲ್ಲಿ ಒಂದು ದಿನ ಮೊದಲೇ ಬರಬಹುದು. ಅಲ್ಲಿಯ ಊರಿಗೆ ಲೆಕ್ಕ ಹಾಕಿದ ಪಂಚಾಂಗವನ್ನೇ ನೋಡಿ.

ನಾಲ್ಕನೇ ಹೆಜ್ಜೆ: ಬೆಳಗಿನ ಹತ್ತು ನಿಮಿಷ

ರಾತ್ರಿಯೇ ಎರಡು ಕೆಲಸ ಮುಗಿಸಿ. ನಿನ್ನೆಯ ಹೂ ತೆಗೆಯುವುದು, ಬತ್ತಿ ಎಣ್ಣೆ ಸಿದ್ಧ ಮಾಡುವುದು. ಬೆಳಗ್ಗೆ ಸ್ನಾನ ಆದ ಮೇಲೆ ಕ್ರಮ ಹೀಗೆ: ಬಾಗಿಲಿಗೆ ನೀರು, ಎರಡು ಎಳೆ ರಂಗೋಲಿ. ಗೂಡು ಒರೆಸುವುದು. ದೀಪ. ಅರಿಶಿನ ಕುಂಕುಮ, ಹೂ. ಊದುಬತ್ತಿ. ನೈವೇದ್ಯ. ಮಂಗಳಾರತಿ, ನಮಸ್ಕಾರ. ಗಂಟೆಯನ್ನು ಬೆಳಗ್ಗೆ 6ಕ್ಕೆ ಜೋರಾಗಿ ಬಾರಿಸಬೇಡಿ, ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದವರು ಇರಬಹುದು.

ನೈವೇದ್ಯಕ್ಕೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ನಾಲ್ಕು ಕಲ್ಲುಸಕ್ಕರೆ ಸಾಕು. ಹಾಲು ಆಮೇಲೆ ಕಾಫಿಗೆ ಬಂತು. ಅನ್ನವಾದ ದಿನ ಒಂದು ಸೌಟು ತೆಗೆದಿಡಿ.

ಇಷ್ಟಲಿಂಗ ಧರಿಸುವ ಮನೆಗಳಲ್ಲಿ ಪೂಜೆ ಇನ್ನೂ ಸರಳ, ಇನ್ನೂ ಸ್ವಂತದ್ದು. ವಿಭೂತಿ ಹಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪ್ರತಿಯೊಬ್ಬರೂ ತಾವೇ ಮಾಡುತ್ತಾರೆ. ನನ್ನ ಗೆಳತಿಯ ಮನೆಯಲ್ಲಿ ಹೆಣ್ಣು, ಗಂಡು ಎಲ್ಲರೂ ಒಟ್ಟಿಗೆ ಕೂರುತ್ತಾರೆ. "ನನ್ನ ಪರವಾಗಿ ನೀನೇ ಮಾಡಿಬಿಡು" ಅನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ನನಗೆ ಅದು ಬಹಳ ಹಿಡಿಸಿತು.

ಐದನೇ ಹೆಜ್ಜೆ: ಪಾತ್ರೆ ಬೆಳಗುವುದು

ವಾರಕ್ಕೊಮ್ಮೆ, ಗುರುವಾರ ಸಂಜೆ. ಎಣ್ಣೆ ಜಿಡ್ಡು ಹಿಡಿದ ದೀಪವನ್ನು ಮೊದಲು ಬಿಸಿನೀರು, ಸೀಗೆಪುಡಿಯಲ್ಲಿ ಉಜ್ಜಿ. ಜಿಡ್ಡು ಹೋಗದೆ ಹುಣಸೆಹಣ್ಣು ಹಿಡಿಯುವುದಿಲ್ಲ. ಆಮೇಲೆ ನೆನೆಸಿದ ಹುಣಸೆಹಣ್ಣಿಗೆ ಚಿಟಿಕೆ ಉಪ್ಪು ಸೇರಿಸಿ ತಿಕ್ಕಿ. ಅದರ ಹುಳಿ ಹಿತ್ತಾಳೆ, ತಾಮ್ರದ ಮೇಲಿನ ಕಪ್ಪು ಪದರವನ್ನು ಕರಗಿಸುತ್ತದೆ. ಹುಳಿ ಉಳಿದರೆ ಮತ್ತೆ ಬೇಗ ಕಪ್ಪಾಗುತ್ತದೆ. ಅದಕ್ಕೇ ಕೂಡಲೇ ಚೆನ್ನಾಗಿ ತೊಳೆದು, ಒಣಬಟ್ಟೆಯಲ್ಲಿ ಒರೆಸಿಡಿ. ತಾನೇ ಒಣಗಲಿ ಅಂತ ಬಿಟ್ಟರೆ ನೀರಿನ ಕಲೆ ಕೂರುತ್ತದೆ. ಬೆಳ್ಳಿಗೆ ಹುಣಸೆಹಣ್ಣು ಬೇಡ, ಒದ್ದೆ ವಿಭೂತಿಯಲ್ಲಿ ಮೆಲ್ಲಗೆ ಉಜ್ಜಿದರೆ ಹೊಳೆಯುತ್ತದೆ. ಮೊಸರು ಬೆರೆತ ಪಂಚಾಮೃತವನ್ನು ತಾಮ್ರ, ಹಿತ್ತಾಳೆಯಲ್ಲಿ ಇಡಬೇಡಿ. ಬೆಳ್ಳಿ ಅಥವಾ ಸ್ಟೀಲು ಬಟ್ಟಲು ಸಾಕು.

ಈ ಕೆಲಸ ನಮ್ಮ ಮನೆಯಲ್ಲಿ ಯಜಮಾನರದು. ಒಂದು ದಿನ ನನಗೆ ಕೈ ಸುಟ್ಟಿತ್ತು ಅಂತ ಮಾಡಿದರು, ಆಮೇಲೆ ಅವರೇ ಹಿಡಿದುಕೊಂಡರು.

ಹೂ, ಕರ್ಪೂರ, ಮಕ್ಕಳು

ಕುಂಡದಲ್ಲಿ ಒಂದು ದಾಸವಾಳ, ಒಂದು ನಂದಬಟ್ಟಲು ಇದ್ದರೆ ವರ್ಷದ ಹೆಚ್ಚು ದಿನ ಹೂವಿಗೆ ಹೊರಗೆ ಹೋಗಬೇಕಿಲ್ಲ. ಸಂಜೆ ತುಳಸಿ ಕೀಳುವುದಿಲ್ಲ ಅನ್ನುವುದು ಹೆಚ್ಚಿನ ಮನೆಗಳ ರೂಢಿ, ಬೆಳಗ್ಗೆಯೇ ಎರಡು ದಳ ತೆಗೆದಿಡಿ. ನೆಲಕ್ಕೆ ಬಿದ್ದ ಹೂ ದೇವರಿಗಿಲ್ಲ ಅನ್ನುತ್ತಾರೆ, ಪಾರಿಜಾತಕ್ಕೆ ಮಾತ್ರ ಆ ಕಟ್ಟಳೆ ಇಲ್ಲ. ಅದನ್ನು ಆರಿಸುವ ಕೆಲಸ ಮಕ್ಕಳಿಗೆ ಕೊಡಿ. ಕಣಗಿಲೆ ಚೆಂದದ ಹೂವು, ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗು ಇರುವ ಮನೆಯಲ್ಲಿ ಅದು ಬೇಡ.

ಅದಕ್ಕಿಂತ ದೊಡ್ಡ ಎಚ್ಚರ ಕರ್ಪೂರದ್ದು. ಬಿಳಿ ಬಿಲ್ಲೆ, ಸಕ್ಕರೆ ಬಿಲ್ಲೆಯ ಹಾಗೇ ಕಾಣುತ್ತದೆ. ಪುಟ್ಟ ಮಗು ಒಂದೆರಡು ನುಂಗಿದರೂ ಫಿಟ್ಸ್ ಬರಬಹುದು. ಗೂಡಿನಲ್ಲಿ ತೆರೆದಿಡಬೇಡಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಎತ್ತರದಲ್ಲಿ ಇಡಿ. ನುಂಗಿದ್ದು ಗೊತ್ತಾದರೆ ಮನೆಮದ್ದು ಮಾಡುತ್ತಾ, ವಾಂತಿ ಮಾಡಿಸುತ್ತಾ ಕೂರಬೇಡಿ, ನೇರವಾಗಿ ಆಸ್ಪತ್ರೆಗೆ ಓಡಿ. ಅಡುಗೆಗೆ, ತೀರ್ಥಕ್ಕೆ ಬಳಸುವ ಪಚ್ಚಕರ್ಪೂರ ಬೇರೆ, ಆರತಿಯ ಕರ್ಪೂರ ಬೇರೆ.

ಮಕ್ಕಳನ್ನು ಕೈಕಟ್ಟಿ ಕೂರಿಸಿದರೆ ಓಡಿಹೋಗುತ್ತಾರೆ. ಕೆಲಸ ಕೊಟ್ಟರೆ ಬರುತ್ತಾರೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಅವರ ಎದುರೇ ಹಾಕಿ. ಹಳದಿ ನೀರು ಕಣ್ಣೆದುರೇ ಕೆಂಪಾಗುವುದನ್ನು ನೋಡಿ ನನ್ನ ಮಗಳು ಕಿರುಚಿಕೊಂಡಿದ್ದಳು. ಯಾಕೆ ಕೆಂಪಾಯ್ತು ಅಂತ ಕೇಳಿದರೆ ಸುಣ್ಣದ ಕ್ಷಾರಕ್ಕೆ ಅರಿಶಿನದ ಬಣ್ಣ ತಿರುಗುತ್ತದೆ ಅಂತ ನಿಜ ಹೇಳಿ. ಗೊತ್ತಿಲ್ಲದ್ದಕ್ಕೆ "ಹಾಗೆಲ್ಲ ಕೇಳಬಾರದು" ಅನ್ನಬೇಡಿ. "ಅಜ್ಜನ್ನ ಕೇಳೋಣ" ಅನ್ನಿ.

ಮನೆಯಲ್ಲಿ ಒಮ್ಮತ ಇಲ್ಲದಿದ್ದರೆ

ಇರುವುದಿಲ್ಲ. ನಮ್ಮ ಮೈದುನನಿಗೆ ದೇವರ ಮೇಲೆ ನಂಬಿಕೆ ಇಲ್ಲ. ಮೊದಲೆಲ್ಲ ಪ್ರತಿ ಹಬ್ಬಕ್ಕೂ ವಾದ. ಈಗ ಒಂದು ಒಪ್ಪಂದ ಇದೆ. ಅವನನ್ನು ನಮಸ್ಕಾರ ಮಾಡು ಅಂತ ಯಾರೂ ಹೇಳುವುದಿಲ್ಲ, ಅವನೂ ಪೂಜೆಯ ಹೊತ್ತಿಗೆ ಅಣಕಿಸುವುದಿಲ್ಲ. ಹಬ್ಬದ ದಿನ ತೋರಣ ಕಟ್ಟುವುದು ಅವನೇ.

ಮುಟ್ಟಿನ ದಿನಗಳ ಬಗ್ಗೆ ನನ್ನ ಮಾತು ನೇರ. ಅದನ್ನು ಆ ಹೆಣ್ಣುಮಗಳೇ ತೀರ್ಮಾನಿಸಲಿ. ದೂರ ಇರಬೇಕು ಅನ್ನಿಸಿದವರು ಇರಲಿ, ದೀಪ ಹಚ್ಚಬೇಕು ಅನ್ನಿಸಿದವರು ಹಚ್ಚಲಿ. ಹತ್ತು ಜನರ ಮುಂದೆ "ಇವತ್ತು ನೀನು ಯಾಕೆ ಬರಲಿಲ್ಲ" ಅಂತ ಕೇಳಬೇಡಿ. ಹೆಣ್ಣುಮಗು ದೊಡ್ಡವಳಾಗುವ ಮುಂಚೆಯೇ ಮನೆಯ ಹಿರಿಯರಿಗೆ ಇದನ್ನು ಮೆಲ್ಲಗೆ ಹೇಳಿಟ್ಟಿರಿ.

ಸೂತಕದಲ್ಲಿ, ಕಾಯಿಲೆಯಲ್ಲಿ, ಊರಿಗೆ ಹೋದಾಗ ಪೂಜೆ ನಿಲ್ಲುತ್ತದೆ. ನಿಲ್ಲಲಿ. ಬಂದ ದಿನ ಗೂಡು ಒರೆಸಿ ಮತ್ತೆ ಹಚ್ಚಿ. ಬಿಟ್ಟುಹೋದ ದಿನಗಳಿಗೆ ಪ್ರಾಯಶ್ಚಿತ್ತ ಅಂತ ಹೇಳಿ ದುಡ್ಡು ಕೇಳುವವರ ಮಾತಿಗೆ ಹೋಗಬೇಡಿ.

ಹಬ್ಬಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು

ಯುಗಾದಿಗೆ ಹೊಸ ಪಂಚಾಂಗ ಬಂದ ಕೂಡಲೇ ಎಲ್ಲರೂ ಕೂತು ವರ್ಷಕ್ಕೆ ಮೂರು ದೊಡ್ಡ ಹಬ್ಬ ಆರಿಸಿ. ನಮ್ಮದು ಯುಗಾದಿ, ಗೌರಿ ಗಣೇಶ, ದೀಪಾವಳಿ. ಇವಕ್ಕೆ ರಜೆ, ಹೋಳಿಗೆ, ನೆಂಟರು ಎಲ್ಲ. ಉಳಿದವಕ್ಕೆ ದೀಪದ ಜೊತೆ ಒಂದು ಸಿಹಿ. ವರಮಹಾಲಕ್ಷ್ಮಿ ಯಾವಾಗಲೂ ಶುಕ್ರವಾರವೇ, ಹೆಚ್ಚಿನ ಕಚೇರಿಗಳಿಗೆ ರಜೆ ಇರುವುದಿಲ್ಲ. ಆವಾಗ ಕನಕಾಂಬರ, ಮಲ್ಲಿಗೆಯ ಬೆಲೆಯೂ ಏರಿರುತ್ತದೆ. ಸೇವಂತಿಗೆ ಹಾಕಿ, ಸಂಜೆ ಪೂಜೆ ಮಾಡಿ, ಕೋಸಂಬರಿ ಹಂಚಿ. ಲಕ್ಷ್ಮಿ ಬೇಸರ ಮಾಡಿಕೊಳ್ಳುವುದಿಲ್ಲ ಅಂತ ನಾನು ನಂಬಿದ್ದೇನೆ.

ಹಬ್ಬದ ಹಿಂದಿನ ದಿನ ಕೆಲಸಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ, ಪ್ರತಿಯೊಂದರ ಮುಂದೆ ಒಬ್ಬರ ಹೆಸರು. ಮಾವಿನ ಸೊಪ್ಪು ತರುವುದು, ಕಾಯಿ ತುರಿಯುವುದು, ಬೇಳೆ ಬೇಯಿಸುವುದು, ಪಾತ್ರೆ ತೊಳೆಯುವುದು. ಕೊನೆಯದನ್ನು ಮರೆಯದೆ ಬರೆಯಿರಿ. ಹಬ್ಬದ ರಾತ್ರಿ ಹತ್ತಕ್ಕೆ ಸಿಂಕಿನ ಮುಂದೆ ನಿಂತು ಅತ್ತೆ ಒಬ್ಬರೇ ತೊಳೆಯುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾವೆಲ್ಲ ಉಂಡು ಮಲಗಿರುತ್ತಿದ್ದೆವು.

ಕೊನೆಯ ಹೆಜ್ಜೆ: ಹಳೆಯ ಹೂ, ಹಳೆಯ ಪಟ

ಬಾಡಿದ ಹೂವಿನಿಂದ ದಾರ, ಜರಿ ತೆಗೆದು ಕುಂಡದ ಮಣ್ಣಿಗೆ ಸೇರಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆರೆಗೆ ಎಸೆಯಬೇಡಿ. ಬಣ್ಣ ಹಚ್ಚದ ಮಣ್ಣಿನ ಗಣಪ ಬಕೆಟ್ ನೀರಿನಲ್ಲಿ ರಾತ್ರಿ ಕಳೆಯುವಷ್ಟರಲ್ಲಿ ಕರಗುತ್ತಾನೆ, ಆ ಮಣ್ಣಲ್ಲೇ ತುಳಸಿ ನೆಡಬಹುದು.

ಹಳೆಯ ಪಟಗಳನ್ನು ಅಶ್ವತ್ಥಕಟ್ಟೆಯ ಕೆಳಗೆ ಇಟ್ಟು ಬರುವುದನ್ನು ನಾವೂ ಮಾಡಿದ್ದೆವು. ವಾರ ಬಿಟ್ಟು ನೋಡಿದರೆ ಗಾಜು ಒಡೆದು, ನಾಯಿ ಮಲಗಿತ್ತು. ಮನಸ್ಸಿಗೆ ಬಹಳ ಕೆಡುಕಾಯಿತು. ಉಳಿದ ಪಟಗಳಿಗೆ ಹೀಗೆ ಮಾಡಿದೆವು. ಮೊದಲು ಒಂದು ದೀಪ ಹಚ್ಚಿ, ಹೂ ಇಟ್ಟು, ಕೈಮುಗಿದೆವು. ಆಮೇಲೆ ಚೌಕಟ್ಟು ಬಿಚ್ಚಿ, ಗಾಜನ್ನು ದಪ್ಪ ಪೇಪರಿನಲ್ಲಿ ಸುತ್ತಿ, ಮೇಲೆ "ಗಾಜು" ಅಂತ ಬರೆದು ಬೇರೆಯಾಗಿ ಕೊಟ್ಟೆವು. ಕಾಗದದ ಚಿತ್ರಗಳನ್ನು ಎರಡು ದಿನ ನೀರಿನಲ್ಲಿ ನೆನೆಸಿ, ಕೈಯಿಂದ ಹಿಸುಕಿ, ಮುದ್ದೆ ಮಾಡಿ ಒಣಗಿಸಿ ಹಳೆ ಪೇಪರಿನ ಜೊತೆ ಹಾಕಿದೆವು. ಪ್ಲಾಸ್ಟಿಕ್ ಲೇಪ ಇದ್ದವು ನೆನೆಯುವುದಿಲ್ಲ, ಅವನ್ನು ಒಣಕಸಕ್ಕೇ ಕೊಡಬೇಕು. ಮರದ ಚೌಕಟ್ಟುಗಳಲ್ಲಿ ಎರಡು ಚೆನ್ನಾಗಿದ್ದವು. ಒಂದರಲ್ಲಿ ಈಗ ಅತ್ತೆಯ ಫೋಟೋ ಇದೆ.